ಬರದ ಕಣಜ ತಾಲ್ಲೂಕಿನಲ್ಲೇ ಇರಲಿ

ಅರಸೀಕೆರೆ ಸೀಮೆಗೆ ಬರ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಮೊದಲು ರಾಗಿ ಹೊಲ ಬಾಡುತ್ತದೆ, ಅನಂತರ ತೆಂಗಿನ ಗರಿ ಜೋತು ಬೀಳುತ್ತದೆ. ನೆರವಿನ ಧಾನ್ಯ ಬರುವುದು ಎಲ್ಲಕ್ಕಿಂತ ಕೊನೆಗೆ, ಅದೂ ದೂರದಿಂದ. ಈ ಕ್ರಮ ಬದಲಾಗಬೇಕು.

1876-78ರ ಧಾತು-ಈಶ್ವರ ಸಂವತ್ಸರಗಳ ಬರವನ್ನೇ ನೋಡಿ. ಆಗ ಮೈಸೂರು ಸಂಸ್ಥಾನದಲ್ಲಿ ರೈಲು ಇದ್ದುದು ಬೆಂಗಳೂರಿನವರೆಗೆ ಮಾತ್ರ. ಹೊರಗಿನಿಂದ ಬಂದ ಧಾನ್ಯ ಅಲ್ಲಿಂದಾಚೆಗೆ ಎತ್ತಿನ ಗಾಡಿಯಲ್ಲಿ ಹೋಗಬೇಕು. ಮೇವು ನೀರಿಲ್ಲದೆ ಎತ್ತುಗಳೇ ಸಾಯುವಾಗ ಗಾಡಿ ಎಳೆಯುವುದು ಯಾವುದು? ಸರ್ಕಾರ ಗಂಜಿ ಕೇಂದ್ರಗಳನ್ನು ತೆರೆಯಿತು, ಕಾಮಗಾರಿಗಳನ್ನು ಹಚ್ಚಿತು. ಆದರೆ ಅಲ್ಲಿಗೆ ನಡೆದು ಹೋಗುವ ಕಸುವು ಎಷ್ಟೋ ಜನರಲ್ಲಿ ಉಳಿದಿರಲಿಲ್ಲ. 1871ರಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು.

ಈಗ ಅರಸೀಕೆರೆಯೇ ರೈಲ್ವೆ ಜಂಕ್ಷನ್. ಪಡಿತರ ಇದೆ, ಶಾಲೆಯಲ್ಲಿ ಬಿಸಿಯೂಟ ಇದೆ. ಹಾಗೆ ಸಾಯುವ ಕಾಲ ಹೋಯಿತು, ಒಪ್ಪೋಣ. ಆದರೂ 2023ರಲ್ಲಿ ಆದದ್ದೇನು? ರಾಜ್ಯ ಕೊಡುತ್ತೇನೆಂದಿದ್ದ ಹೆಚ್ಚುವರಿ 5 ಕೆ.ಜಿ. ಅಕ್ಕಿ ಕೇಂದ್ರದ ದಾಸ್ತಾನಿನಿಂದ ಸಿಗಲಿಲ್ಲ. ಜುಲೈನಿಂದ ಅದರ ಬದಲು ತಲೆಗೆ 170 ರೂ. ಖಾತೆಗೆ ಬಂತು. ಅದೇ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಬರದಲ್ಲಿ ಅಂಗಡಿಯ ದರ ಏರುತ್ತದೆ, ಖಾತೆಯ 170 ರೂ. ಏರುವುದಿಲ್ಲ.

ನಮ್ಮಲ್ಲಿ ಬೆಳೆಯುವುದೂ ಉಣ್ಣುವುದೂ ರಾಗಿ. ಒಣಗಿಸಿ ಹಗೇವಿಗೆ ತುಂಬಿದರೆ ವರ್ಷಗಟ್ಟಲೆ ಹುಳು ಬೀಳದ ಕಾಳು ಇದೊಂದೇ ಎಂದರೂ ತಪ್ಪಲ್ಲ. ಅಕ್ಕಿಗೆ ಆ ಗುಣವಿಲ್ಲ. ಸುಗ್ಗಿಯ ನಂತರ ಸರ್ಕಾರ ಬೆಂಬಲ ಬೆಲೆಗೆ ರಾಗಿ ಕೊಳ್ಳುತ್ತದೆ. 2025-26ರ ಹಂಗಾಮಿಗೆ ಕ್ವಿಂಟಲಿಗೆ 4,886 ರೂ. ನಿಗದಿಯಾಗಿದೆ. ಬೆಳೆ ಚೆನ್ನಾಗಿ ಬಂದ ವರ್ಷ ಹೀಗೆ ಕೊಂಡದ್ದರಲ್ಲಿ ಒಂದು ಪಾಲನ್ನು ಆಯಾ ತಾಲ್ಲೂಕಿನ ಗೋದಾಮಿನಲ್ಲೇ ಬರದ ಬಾಬ್ತು ಎಂದು ತೆಗೆದಿಡಲಿ. ಹೊಸ ರಾಗಿ ಬಂದಾಗ ಹಳೆಯದು ಪಡಿತರಕ್ಕೂ ವಿದ್ಯಾರ್ಥಿನಿಲಯಗಳಿಗೂ ಹೋಗಲಿ. ದಾಸ್ತಾನಿಗೆ ಖರ್ಚು ತಗಲುತ್ತದೆ ಎನ್ನುವವರು ಲಾರಿ ಬಾಡಿಗೆಯನ್ನೂ ಕೂಡಿಸಿ ನೋಡಲಿ.

ಬಾಗಿಲು ಯಾವಾಗ ತೆರೆಯಬೇಕೆಂಬುದೂ ಮೊದಲೇ ಗೊತ್ತಾಗಿರಬೇಕು. 2023ರಲ್ಲಿ ಮಳೆ ಜೂನ್‌ನಲ್ಲೇ ಕೊರತೆ ಬಿತ್ತು. ಮೊದಲ ಬರ ಘೋಷಣೆ ಹೊರಟದ್ದು ಸೆಪ್ಟೆಂಬರಿನಲ್ಲಿ. ಬಿತ್ತನೆ ತಪ್ಪಿತೆಂದು ರೈತ ಸಂಪರ್ಕ ಕೇಂದ್ರದ ವರದಿ ಬಂದ ದಿನವೇ ತಹಸೀಲ್ದಾರರಿಗೆ ಆ ಅಧಿಕಾರ ಸಿಗಲಿ. ಮೊದಲ ಸೇರು ಹೋಗಬೇಕಾದುದು ಹೊಲವಿಲ್ಲದ ಕೂಲಿಯವರ ಮನೆಗೆ. ಬಿತ್ತನೆ ಇಲ್ಲದ ವರ್ಷ ಅವರಿಗೆ ಕಳೆ ಕೀಳುವ ಕೆಲಸವೂ ಇರುವುದಿಲ್ಲ.