ಕೊಳ್ಳುವಾಗ ಗುಜರಿ, ಮಾರುವಾಗ ರೇಸ್ ಕಾರಾ?

ಹಳೇ ಗಾಡಿ ಲೆಕ್ಕ, ಭಾಗ 4

ಫೋಟೋದಲ್ಲಿ ಇರೋದು ನಮ್ಮ ದೊಡ್ಡಪ್ಪನ ಕಾರು. ಇಂಜಿನ್ ಇಲ್ಲ, ಸೀಟಿಲ್ಲ. ಚಾಸಿ ಮೇಲೆ ಬರೀ ಶೆಲ್ಲು. ಚನ್ನರಾಯಪಟ್ಟಣದ ಹತ್ರ ತೋಟದ ಶೆಡ್ಡಲ್ಲಿ, ತೆಂಗಿನಕಾಯಿ ರಾಶಿ ಪಕ್ಕ ನಿಂತಿದೆ.

ಸಿಪಾನಿ ಡಾಲ್ಫಿನ್. ಹೆಸರು ಕೇಳಿಲ್ವಾ? ನಮ್ಮ ಬೆಂಗಳೂರಲ್ಲೇ ತಯಾರಾದದ್ದು, 1982ರಲ್ಲಿ ಬಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಇದರ ಮೂಲ. 848 ಸಿಸಿ, ಎರಡೇ ಬಾಗಿಲು, ಫೈಬರ್ ಬಾಡಿ. 1983ರ ಡಿಸೆಂಬರಲ್ಲಿ ಮಾರುತಿ 800 ಬಂದ ಮೇಲೆ ಇದನ್ನ ಕೇಳೋರು ಕಮ್ಮಿಯಾದ್ರು. ಆದ್ರೆ ಬಾಡಿ ಹಗುರ ಅಂತ ರೇಸು, ರ‍್ಯಾಲಿ ಓಡಿಸೋರು ಇದನ್ನ ಹುಡುಕ್ಕೊಂಡು ಹೋದ್ರು. ಶೋಲಾವರಂ ಟ್ರ್ಯಾಕಲ್ಲೂ ಓಡಿದೆ.

ಹೋದ ತಿಂಗಳು ದೊಡ್ಡಪ್ಪನ ಬೋರ್ ಮೋಟರ್ ಸುಟ್ಟೋಯ್ತು. ದುಡ್ಡು ಬೇಕಿತ್ತು. ಒಬ್ಬ ಬ್ರೋಕರ್ ಬಂದ. "ಯಜಮಾನ್ರೇ, ಇದು ಕಬ್ಬಿಣ ಅಲ್ಲ, ತೂಕಕ್ಕೂ ಬರಲ್ಲ. ಆರ್‌ಸಿ ಸೇರಿಸಿ ಕೊಟ್ಬಿಡಿ, ಜಾಗ ಖಾಲಿ ಮಾಡ್ಕೊಡ್ತೀನಿ" ಅಂದ. ಅದೇ ಮನುಷ್ಯ ಗೇಟ್ ದಾಟಿ ಫೋನಲ್ಲಿ, "ಅಣ್ಣಾ, ಕಂಪನಿ ರೇಸ್ ಶೆಲ್ಲು, ರೇರ್ ಪೀಸು!" ಅಂತಿದ್ದಾನೆ.

ತೂಕಕ್ಕೆ ಬರದೆ ಇರೋದೇ ಈ ಕಾರಿನ ಬೆಲೆ ಕಣ್ರೀ!

ನಾನು ಓದ್ತಿರೋದು ಬಿಕಾಂ. ವರ್ಷಾವರ್ಷ ಉಳಿದ ಬೆಲೆ ಮೇಲೆ ಶೇ 15 ಸವಕಳಿ ಕಳೀತಾ ಹೋದ್ರೆ, ಲಕ್ಷ ರೂಪಾಯಿ ಕಾರು 40 ವರ್ಷಕ್ಕೆ ಸುಮಾರು 150 ರೂಪಾಯಿಗೆ ಇಳಿಯುತ್ತೆ. ಅದು ಲೆಕ್ಕದ ಪುಸ್ತಕದ ಬೆಲೆ. ಸಂತೆ ಬೆಲೆ ಬೇರೆ: ಎಷ್ಟು ಉಳಿದಿವೆ, ಯಾರಿಗೆ ಬೇಕು ಅನ್ನೋದರ ಮೇಲೆ ಅದು ನಿಲ್ಲುತ್ತೆ. ಬ್ರೋಕರು ನಮಗೆ ಮೊದಲನೇದು ಹೇಳಿ ಎರಡನೇದನ್ನ ಜೇಬಲ್ಲಿ ಇಟ್ಕೋತಾನೆ.

ಹಂಗಂತ ನಾವೂ ಸುಳ್ಳು ಹೇಳೋದಾ? "ಮಗಾ, ಫ್ಯಾಕ್ಟರಿ ರೇಸ್ ಕಾರ್ ಅಂತ ಹಾಕು, ಡಬಲ್ ರೇಟು" ಅಂತ ನನ್ನ ಫ್ರೆಂಡ್ಸೇ ಅಂದ್ರು. ಒಳಗೆ ರೋಲ್ ಕೇಜ್ ಕೂರಿಸಿದ ತೂತುಗಳಿವೆ, ನಿಜ. ಅರಕಲಗೂಡಿನ ಹಳೇ ಓನರ್ ರ‍್ಯಾಲಿ ಓಡಿಸ್ತಿದ್ರು ಅನ್ನೋ ಮಾತೂ ಇದೆ. ಆದ್ರೆ ಕಾರ್ಖಾನೇಲೇ ರೇಸಿಗೆ ಅಂತ ಕಟ್ಟಿದ್ದು ಅನ್ನೋಕೆ ಒಂದು ಚೀಟಿನೂ ಇಲ್ಲ. ಗ್ಯಾರೇಜಲ್ಲಿ ಕೊರೆದ ತೂತನ್ನ ಕಾರ್ಖಾನೆ ತಲೆಗೆ ಕಟ್ಟಿದ್ರೆ ನಮಗೂ ಆ ಬ್ರೋಕರಿಗೂ ಏನು ವ್ಯತ್ಯಾಸ?

ಹಾಸನ, ಹೊಳೆನರಸೀಪುರ ಕಡೆ ನಿಮ್ಮ ಕೊಟ್ಟಿಗೆ ಹಿಂದೆನೂ ಇಂಥದ್ದು ಇರಬಹುದು. ಕೊಡೋ ಮುಂಚೆ ಚಾಸಿ ನಂಬರ್, ತೂತು, ಬಿರುಕು ಎಲ್ಲಾದರ ಫೋಟೋ ತೆಗೀರಿ. ಬಿರುಕು ಮುಚ್ಚಿಡಬೇಡಿ. ಆರ್‌ಸಿ ಸುಮ್ನೆ ಕೈಗೆ ಕೊಡಬೇಡಿ. ಫಾರಂ 29, 30 ಹಾಕಿ ಹೆಸರು ಬದಲಾಯಿಸಿ. ಇಲ್ಲಾಂದ್ರೆ ನಾಳೆ ಆ ನಂಬರ್ ಹಾಕ್ಕೊಂಡು ಯಾವ ಗಾಡಿ ಎಲ್ಲಿ ಗುದ್ದಿದ್ರೂ ಆರ್‌ಟಿಓ ದಾಖಲೇಲಿ ಓನರ್ ನೀವೇ. ಗಾಡಿ ಒಡೆಸಿಬಿಟ್ರೆ 14 ದಿನದೊಳಗೆ ತಿಳಿಸಿ ನೋಂದಣಿ ರದ್ದು ಮಾಡಿಸಿ.

ದೊಡ್ಡಪ್ಪ ಸಂಘದಲ್ಲಿ ಸಾಲ ತಗೊಂಡು ಮೋಟರ್ ರಿಪೇರಿ ಮಾಡಿಸಿದ್ರು. ಶೆಲ್ಲು ಇನ್ನೂ ಶೆಡ್ಡಲ್ಲೇ ಇದೆ. ಮಾರ್ತೀವಿ, ಸಾಲ ತೀರಬೇಕಲ್ಲ. ಆದ್ರೆ ಗುಜರಿ ಅಂತಲೂ ಅಲ್ಲ, ಕಂಪನಿ ರೇಸ್ ಕಾರ್ ಅಂತಲೂ ಅಲ್ಲ. ಇರೋದನ್ನ ಇದ್ದಂಗೇ ಹೇಳಿ ಮಾರ್ತೀವಿ.

ನಿಮ್ಮೂರಲ್ಲಿ ಯಾರಾದ್ರೂ ಹಳೇ ಗಾಡಿ ಕೊಡೋಕೆ ಹೊರಟಿದ್ರೆ ಇದನ್ನ ಅವರಿಗೆ ಕಳಿಸಿ.

#ಹಳೇಗಾಡಿಲೆಕ್ಕ #ಸಿಪಾನಿಡಾಲ್ಫಿನ್ #ಹಾಸನ