ಅನಿಲ ಸೋಸುವ ಪೊರೆ: ಪ್ರಯೋಗಾಲಯ ದಾಟಿದ ಮೇಲಿನ ಲೆಕ್ಕ

ಐರೋಪ್ಯ ಒಕ್ಕೂಟದ ಗಡಿ ಇಂಗಾಲ ಶುಲ್ಕದ ವ್ಯವಸ್ಥೆ 2026ರ ಜನವರಿ 1ರಂದು ಅಂತಿಮ ಹಂತ ಪ್ರವೇಶಿಸಿದ ಬಳಿಕ ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ, ರಸಗೊಬ್ಬರ ರಫ್ತುದಾರರಿಗೆ ಚಿಮಣಿಯ ಹೊಗೆಯೂ ಖರ್ಚಿನ ಬಾಬ್ತಾಗಿದೆ. ಯುರೋಪಿಗೆ ಹಡಗೇರುವ ತೋರಣಗಲ್ಲಿನ ಉಕ್ಕಿಗೂ ಈ ಲೆಕ್ಕ ತಪ್ಪಿದ್ದಲ್ಲ. ಇಂಗಾಲದ ಡೈಆಕ್ಸೈಡ್ ಹಿಡಿದಿಡುವ ಮಾತು ಬಂದಾಗಲೆಲ್ಲ ಅದನ್ನು ಎಲ್ಲಿ ಹೂಳಬೇಕು ಎಂಬ ಚರ್ಚೆಯೇ ಮುನ್ನೆಲೆಗೆ ಬರುತ್ತದೆ. ವಾಸ್ತವದಲ್ಲಿ ಸಾಮಾನ್ಯವಾಗಿ ಖರ್ಚಿನ ದೊಡ್ಡ ಪಾಲನ್ನು ನುಂಗುವುದು ಹೂಳುವ ಕೆಲಸವಲ್ಲ. ಹೊಗೆಯಲ್ಲಿ ಬೆರೆತಿರುವ ಸಾರಜನಕದಿಂದ ಅದನ್ನು ಬೇರ್ಪಡಿಸುವ ಕೆಲಸ.

ಸದ್ಯ ಬಳಕೆಯಲ್ಲಿರುವ ಪ್ರಮುಖ ವಿಧಾನದಲ್ಲಿ ಅಮೈನ್ ಎಂಬ ರಾಸಾಯನಿಕದ ದ್ರಾವಣವು ಅನಿಲವನ್ನು ಹೀರಿಕೊಳ್ಳುತ್ತದೆ. ಬಳಿಕ ದ್ರಾವಣವನ್ನು ಉಗಿಯಿಂದ ಕಾಯಿಸಿ ಅನಿಲವನ್ನು ಬಿಡಿಸಬೇಕು. ಆ ಉಗಿಗೆ ಮತ್ತೆ ಇಂಧನ ಬೇಕು. ಪೊರೆಯ ಮೂಲಕ ಅನಿಲವನ್ನು ಹಾಯಿಸಿ ಬೇರ್ಪಡಿಸುವ ವಿಧಾನಕ್ಕೆ ಬೆಂಕಿಯೂ ಬೇಡ, ದ್ರಾವಣವೂ ಬೇಡ. ಎರಡು ಬದಿಗಳ ನಡುವೆ ಒತ್ತಡದ ವ್ಯತ್ಯಾಸವಿದ್ದರೆ ಸಾಕು.

ಈ ವಿದ್ಯೆ ಹೊಸದಲ್ಲ. ರಬ್ಬರಿನ ಹಾಳೆಯ ಮೂಲಕ ಆಮ್ಲಜನಕ ಸಾರಜನಕಕ್ಕಿಂತ ವೇಗವಾಗಿ ಹಾಯುತ್ತದೆ ಎಂಬುದನ್ನು ಥಾಮಸ್ ಗ್ರಹಾಂ 1866ರಲ್ಲೇ ತೋರಿಸಿದ್ದರು. ಅದು ಕಾರ್ಖಾನೆ ತಲುಪಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಹಾಯುವ ಅನಿಲದ ಪ್ರಮಾಣ ಪೊರೆಯ ದಪ್ಪಕ್ಕೆ ವಿಲೋಮವಾಗಿರುತ್ತದೆ. ದಪ್ಪ ಹಾಳೆಯಲ್ಲಿ ಸೋಸಲು ಹೊರಟರೆ ಎಕರೆಗಟ್ಟಲೆ ಪೊರೆ ಬೇಕು; ತೆಳುವಾದ ಹಾಳೆ ಒತ್ತಡ ತಾಳದೆ ಹರಿಯುತ್ತದೆ. 1960ರ ದಶಕದ ಆರಂಭದಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಅವರು ಸಮುದ್ರದ ನೀರನ್ನು ಸಿಹಿಯಾಗಿಸಲು ರೂಪಿಸಿದ ಪೊರೆ ಈ ಇಕ್ಕಟ್ಟಿಗೆ ದಾರಿ ತೋರಿತು. ಮೇಲೆ ಅತಿ ತೆಳುವಾದ ಬಿಗಿಯಾದ ಚರ್ಮ, ಕೆಳಗೆ ಅದನ್ನು ಹೊರುವ ರಂಧ್ರಮಯ ಆಸರೆ.

ನೀರಿಗೆ ಒಗ್ಗಿದ್ದು ಅನಿಲಕ್ಕೆ ಸುಲಭವಾಗಿ ಒಗ್ಗಲಿಲ್ಲ. ಆಮ್ಲಜನಕ ಮತ್ತು ಸಾರಜನಕ ಅಣುಗಳ ಗಾತ್ರದ ವ್ಯತ್ಯಾಸ ಒಂದು ನ್ಯಾನೊಮೀಟರಿನ ನೂರರಲ್ಲಿ ಎರಡು ಪಾಲೂ ಇಲ್ಲ. ಪೊರೆಯ ಮೇಲ್ಮೈಯಲ್ಲಿ ಹತ್ತು ಲಕ್ಷದಲ್ಲಿ ಕೆಲವೇ ಪಾಲಿನಷ್ಟು ಸೂಜಿರಂಧ್ರಗಳಿದ್ದರೂ ಎರಡೂ ಅನಿಲಗಳು ಅಲ್ಲಿಂದಲೇ ನುಗ್ಗುತ್ತವೆ. ಮಾನ್ಸಾಂಟೊ ಕಂಪನಿಯ ಜೇ ಹೆನಿಸ್ ಮತ್ತು ಮೇರಿ ಟ್ರಿಪೋಡಿ ಕಂಡುಕೊಂಡ ಪರಿಹಾರ ಬಹು ಸರಳ: ಪಾಲಿಸಲ್ಫೋನ್ ಪೊರೆಯ ಮೇಲೆ ಸಿಲಿಕೋನ್ ರಬ್ಬರಿನ ಲೇಪನ. ರಬ್ಬರು ಅನಿಲಗಳನ್ನು ಬೇರ್ಪಡಿಸುವುದು ಅಷ್ಟಕ್ಕಷ್ಟೇ. ಆದರೆ ರಂಧ್ರಗಳನ್ನು ಮುಚ್ಚುತ್ತದೆ. ಬೇರ್ಪಡಿಸುವ ಕೆಲಸ ಕೆಳಗಿನ ಪದರದ್ದು. 1980ರಲ್ಲಿ ಮಾರುಕಟ್ಟೆಗೆ ಬಂದ ಈ 'ಪ್ರಿಸಂ' ಪೊರೆಗಳು ಅಮೋನಿಯಾ ಸ್ಥಾವರಗಳಲ್ಲಿ ವ್ಯರ್ಥವಾಗುತ್ತಿದ್ದ ಜಲಜನಕವನ್ನು ಮರಳಿ ಹಿಡಿದವು.

ಇಂದಿನ ಪದರಪೊರೆಗಳು ಇದೇ ತರ್ಕದ ಮುಂದುವರಿಕೆ. ಆಸರೆ, ಅದರ ಮೇಲೆ ರಂಧ್ರಗಳನ್ನು ಮುಚ್ಚಿ ಅನಿಲವನ್ನು ಸಲೀಸಾಗಿ ಕೆಳಗೆ ಸಾಗಿಸುವ ನಡುಪದರ, ಅದರ ಮೇಲೆ ಸುಮಾರು 100 ನ್ಯಾನೊಮೀಟರ್ ದಪ್ಪದ ಆಯ್ಕೆಯ ಪದರ, ಎಲ್ಲಕ್ಕಿಂತ ಮೇಲೆ ರಕ್ಷಣೆಯ ಲೇಪ. ಆಯ್ಕೆಯ ಪದರದ ದಪ್ಪ ಕೂದಲೆಳೆಯ ದಪ್ಪದ ನೂರಾರು ಪಾಲಿನಲ್ಲಿ ಒಂದು. ನಡುಪದರ ತುಸು ಬಿಗಿಯಾದರೂ ಮೇಲಿನ ಪದರವನ್ನು ತೆಳುವಾಗಿಸಿದ ಶ್ರಮವೆಲ್ಲ ವ್ಯರ್ಥ.

ಹೆಚ್ಚು ಅನಿಲ ಹಾಯಿಸುವ ಪೊರೆ ಕಡಿಮೆ ಆಯ್ಕೆ ಮಾಡುತ್ತದೆ, ಹೆಚ್ಚು ಆಯ್ಕೆ ಮಾಡುವ ಪೊರೆ ಕಡಿಮೆ ಹಾಯಿಸುತ್ತದೆ. ಲಾಯ್ಡ್ ರೋಬ್ಸನ್ 1991ರಲ್ಲಿ ಗುರುತಿಸಿ 2008ರಲ್ಲಿ ಪರಿಷ್ಕರಿಸಿದ ಈ ಗಡಿರೇಖೆಯನ್ನು ದಾಟಿದ ಹೊಸ ವಸ್ತುಗಳ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಅಂಥ ಸುದ್ದಿಗಳನ್ನು ತುಸು ಎಚ್ಚರದಿಂದ ಓದಬೇಕು. ಪರೀಕ್ಷೆ ಬಹುಪಾಲು ನಡೆಯುವುದು ಹತ್ತಾರು ಮೈಕ್ರಾನ್ ದಪ್ಪದ ಹಾಳೆಯ ಮೇಲೆ, ಶುದ್ಧ ಅನಿಲದೊಂದಿಗೆ. ಗಾಜಿನಂತೆ ಬಿಗಿಯಾದ ಪಾಲಿಮರ್‌ಗಳಲ್ಲಿ ಅನಿಲಕ್ಕೆ ದಾರಿಯಾಗುವ ಸೂಕ್ಷ್ಮ ಖಾಲಿ ಜಾಗಗಳು ಕಾಲಕ್ರಮದಲ್ಲಿ ಕುಸಿಯುತ್ತವೆ. ಪದರ ತೆಳುವಾದಷ್ಟೂ ಈ ಮುಪ್ಪು ಬೇಗ ಆವರಿಸುತ್ತದೆ.

ಚಿಮಣಿಯ ಹೊಗೆಯ ಮಟ್ಟಿಗಂತೂ ಆಯ್ಕೆಯ ಸಾಮರ್ಥ್ಯವನ್ನು ಏರಿಸುತ್ತ ಹೋಗುವುದರಿಂದ ದೊಡ್ಡ ಪ್ರಯೋಜನವಿಲ್ಲ. ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ 12ರಷ್ಟಿದ್ದು, ಪೊರೆಯ ಎರಡು ಬದಿಗಳ ಒತ್ತಡದ ಅನುಪಾತ 5 ಆಗಿದ್ದರೆ, ಪೊರೆ ಎಷ್ಟೇ ಉತ್ಕೃಷ್ಟವಾಗಿದ್ದರೂ ಹಾಯ್ದು ಬಂದ ಅನಿಲದಲ್ಲಿ ಅದರ ಪ್ರಮಾಣ ಶೇ 60 ಮೀರದು. ಅನುಪಾತವನ್ನು ಹೆಚ್ಚಿಸಲು ಹೋದರೆ ಕಂಪ್ರೆಸರ್ ಮತ್ತು ನಿರ್ವಾತ ಪಂಪುಗಳ ವಿದ್ಯುತ್ ಬಿಲ್ ಏರುತ್ತದೆ. ಆದ್ದರಿಂದ ಎರಡು ಹಂತಗಳ ಸೋಸುವಿಕೆ ಅನಿವಾರ್ಯ. ಇಲ್ಲಿ ಬೇಕಾದದ್ದು ಸಾಧಾರಣ ಆಯ್ಕೆಯ, ಆದರೆ ಅತಿ ತೆಳುವಾದ, ಅಗ್ಗವಾದ, ವರ್ಷಗಟ್ಟಲೆ ಬಾಳುವ ಪೊರೆ. ಇದು ಪ್ರಶಸ್ತಿ ತರುವ ಸಂಶೋಧನೆಯಲ್ಲ, ತಯಾರಿಕೆಯ ಕಸುಬು. ಭಾರತದ ಸಂಶೋಧನಾ ಅನುದಾನವೂ ಈ ಕಸುಬಿನತ್ತ ವಾಲಬೇಕಾಗಿದೆ.

ಜೈವಿಕ ಅನಿಲದಲ್ಲಿ ಪರಿಸ್ಥಿತಿ ಹೆಚ್ಚು ಆಶಾದಾಯಕ. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಪಾಲು ಸುಮಾರು ಶೇ 40 ಇರುತ್ತದೆ. ಮಾರಾಟಕ್ಕಾಗಿ ಅನಿಲವನ್ನು ಹೇಗೂ ಒತ್ತಬೇಕು. 2018ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಸತತ್' ಯೋಜನೆಯ ಘಟಕಗಳಿಗೆ ಪೊರೆ ಸಹಜ ಆಯ್ಕೆಗಳಲ್ಲೊಂದು. ಆದರೆ ಒಂದೇ ಹಂತದ ಅಗ್ಗದ ಸೋಸುವಿಕೆಗೆ ಹೋದರೆ ಮಿಥೇನ್ ಸೋರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ತಾಪಕಾರಕ.

ಅಮೆರಿಕದ ಮೆಂಬ್ರೇನ್ ಟೆಕ್ನಾಲಜಿ ಅಂಡ್ ರಿಸರ್ಚ್ ಸಂಸ್ಥೆ ತನ್ನ 'ಪೊಲಾರಿಸ್' ಪೊರೆಯನ್ನು ಮೊದಲು ಅಲಬಾಮದಲ್ಲಿ ದಿನಕ್ಕೆ 20 ಟನ್ ಹಿಡಿಯುವ ಘಟಕದಲ್ಲಿ ನಿಜವಾದ ಹೊಗೆಯೊಂದಿಗೆ ಪರೀಕ್ಷಿಸಿತು. ಬಳಿಕ ವಯೋಮಿಂಗ್‌ನ ಡ್ರೈ ಫೋರ್ಕ್ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ದಿನಕ್ಕೆ 150 ಟನ್ ಸಾಮರ್ಥ್ಯದ ಘಟಕ ಕಟ್ಟಿತು. ಬಳ್ಳಾರಿ ಉಷ್ಣ ವಿದ್ಯುತ್ ಸ್ಥಾವರದ 500 ಮೆಗಾವ್ಯಾಟ್‌ನ ಒಂದು ಘಟಕ ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ದಿನಕ್ಕೆ ಹೊರಬಿಡುವ ಇಂಗಾಲದ ಡೈಆಕ್ಸೈಡ್ ಹತ್ತು ಸಾವಿರ ಟನ್‌ಗಳ ಆಸುಪಾಸಿನಲ್ಲಿರುತ್ತದೆ.