ತಾಳ ಹಾಕಿದವನ ಪಾಲು

ರೈತನ ಬೆಳೆಗೆ ಬೆಲೆ, ಗಿರಣಿ ಕಾರ್ಮಿಕನ ಕೂಲಿ, ಪ್ರಾಥಮಿಕ ಶಾಲೆಯ ಉಪಾಧ್ಯಾಯನ ಸಂಬಳ, ಇವು ನಮ್ಮ ಪತ್ರಿಕೆಯಲ್ಲಿ ವಾರವಾರವೂ ಬರುವ ವಿಷಯಗಳು. ಇವನ್ನೆಲ್ಲ ಬಿಟ್ಟು ಅಮೇರಿಕದಲ್ಲಿ ಡ್ರಮ್ಮು ಬಾರಿಸಿ ಬದುಕಿದವನೊಬ್ಬನ ಕಥೆಯನ್ನು ಈ ವಾರ ಎತ್ತಿಕೊಂಡದ್ದೇಕೆಂದು ಓದುಗ ಬಂಧುಗಳು ಕೇಳಬಹುದು. ಅದಕ್ಕೆ ಕಾರಣವಿದೆ. ಕಳೆದ ತಿಂಗಳು ನಮ್ಮ ಅಧ್ಯಯನ ಕೂಟದಲ್ಲಿ ಯುವಕ ಮಿತ್ರನೊಬ್ಬ ಎದ್ದು ನಿಂತು, “ಮೇಷ್ಟ್ರೇ, ಹೊಲದಲ್ಲಿ ದುಡಿಯುವವನು ಕಾರ್ಮಿಕ ಸರಿ, ಗಿರಣಿಯಲ್ಲಿ ದುಡಿಯುವವನೂ ಸರಿ. ವಾದ್ಯ ಬಾರಿಸುವವನು ಕಾರ್ಮಿಕ ಹೇಗಾದಾನು? ಅವನಿಗೆ ಸಂಘವೇಕೆ?” ಎಂದು ಕೇಳಿದ. ಕೂಟದಲ್ಲಿ ನಗು ಎದ್ದಿತು. ಆ ದಿನ ಹೊತ್ತು ಮೀರಿದ್ದರಿಂದ ಉತ್ತರ ಹೇಳಲಾಗಲಿಲ್ಲ. ಈ ಲೇಖನವೇ ಆ ಮಿತ್ರನಿಗೆ ನನ್ನ ಉತ್ತರ.

ಗ್ರಾಮಫೋನ್ ತಟ್ಟೆಯ ನಡುವೆ ಅಂಟಿಸಿದ ಚೀಟಿಯನ್ನು ನೋಡಿ. ಹಾಡಿದವರ ಹೆಸರು, ಹಾಡು ಕಟ್ಟಿದವರ ಹೆಸರು, ಎಲ್ಲಕ್ಕಿಂತ ದಪ್ಪಕ್ಷರದಲ್ಲಿ ಕಂಪನಿಯ ಹೆಸರು ಅಲ್ಲಿರುತ್ತವೆ. ಹಾಡುಗಾರನ ಹಿಂದೆ ಕುಳಿತು ಬಾರಿಸಿದವರ ಹೆಸರು ಮಾತ್ರ ಇರುವುದಿಲ್ಲ. ಇಂಥವರನ್ನು ಸೆಷನ್ ವಾದ್ಯಗಾರರೆಂದು ಕರೆಯುತ್ತಾರೆ. ಸ್ಟುಡಿಯೋದಿಂದ ಕರೆ ಬಂದರೆ ಹೋಗಬೇಕು, ಮುಂದಿಟ್ಟುದನ್ನು ಬಾರಿಸಬೇಕು, ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆದು ಮನೆಗೆ ಬರಬೇಕು. ನಾಳೆಯ ಕೆಲಸ ನಾಳೆ ಕರೆ ಬಂದರೆ ಉಂಟು, ಇಲ್ಲವಾದರೆ ಇಲ್ಲ. ನಮ್ಮೂರ ಪೇಟೆಯಲ್ಲಿ ಬೆಳಗಿನ ಹೊತ್ತು ಗಾರೆ ಕೆಲಸದವರು ಕಾದು ನಿಲ್ಲುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವೇನೂ ನನಗೆ ಕಾಣದು.

ಇಂಥ ದುಡಿಮೆಗಾರರಲ್ಲಿ ಅಗ್ರಗಣ್ಯನಾದವನು ಅರ್ಲ್ ಪಾಮರ್. 1924ರಲ್ಲಿ ಅಮೇರಿಕದ ದಕ್ಷಿಣದ ಸಂಸ್ಥಾನಗಳ ಪೈಕಿ ಲೂಯಿಸಿಯಾನಾದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಟ್ರೆಮೇ ಎಂಬ ಕರಿಯರ ಕೇರಿಯಲ್ಲಿ ಹುಟ್ಟಿದ. ತಾಯಿಯೂ ಚಿಕ್ಕಮ್ಮನೂ ಊರೂರು ತಿರುಗುವ ನಾಟಕ ಕಂಪನಿಗಳಲ್ಲಿ ಕುಣಿಯುತ್ತಿದ್ದವರು. ಮಗನೂ ಐದನೆಯ ವಯಸ್ಸಿಗೇ ರಂಗವೇರಿ, ಬೂಟಿನ ಅಟ್ಟೆಯಿಂದ ಹಲಗೆಯ ಮೇಲೆ ತಾಳ ಹೊಡೆಯುವ ಟ್ಯಾಪ್ ಕುಣಿತ ಕುಣಿದ. ಕೈಗೆ ಕೋಲು ಬರುವ ಮೊದಲೇ ತಾಳ ಆತನ ಕಾಲಿಗೆ ಬಂದಿತ್ತು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯ ಸೇರಿದ. ಸ್ವಾತಂತ್ರ್ಯದ ಹೆಸರಿನಲ್ಲಿ ಹಿಟ್ಲರನ ವಿರುದ್ಧ ಕಾದಿದ ಆ ಸೈನ್ಯದಲ್ಲಿ ಕರಿಯರ ದಳಗಳೇ ಬೇರೆ, ಬಿಳಿಯರ ದಳಗಳೇ ಬೇರೆ. ಯುರೋಪಿನಲ್ಲಿ ಪಾಮರನ ಪಾಲಿಗೆ ಬಂದ ಕೆಲಸ ಮದ್ದುಗುಂಡು ಹೊರುವುದು, ಏರಿಸುವುದು, ಇಳಿಸುವುದು.

ಯುದ್ಧ ಮುಗಿದ ಮೇಲೆ ನಡೆದ ಒಂದು ಸಂಗತಿಯನ್ನು, ಹಿಂದೆ ಮೇಷ್ಟ್ರಾಗಿದ್ದವನಾದ ನಾನು ವಿಶೇಷವಾಗಿ ಹೇಳಬೇಕಾಗಿದೆ. ಮರಳಿ ಬಂದ ಸೈನಿಕರ ವಿದ್ಯಾಭ್ಯಾಸದ ವೆಚ್ಚವನ್ನು ಸರಕಾರವೇ ಹೊರುವ ಕಾನೂನು 1944ರಲ್ಲಿ ಅಮೇರಿಕದಲ್ಲಿ ಬಂದಿತ್ತು. ಅದರ ಪ್ರಯೋಜನ ಕರಿಯ ಸೈನಿಕರಿಗೆ ಸಮನಾಗಿ ದೊರೆಯಲಿಲ್ಲವೆಂಬುದು ನಿಜ. ಆದರೂ ಪಾಮರ್ ಆ ಹಣದಿಂದಲೇ ನ್ಯೂ ಆರ್ಲಿಯನ್ಸಿನ ಗ್ರುನ್‌ವಾಲ್ಡ್ ಸಂಗೀತ ಶಾಲೆಗೆ ಸೇರಿ, ಸ್ವರಲಿಪಿ ಓದುವುದನ್ನೂ ವಾದ್ಯಮೇಳಕ್ಕೆ ಸಂಗೀತ ಹೊಂದಿಸುವುದನ್ನೂ ಕಲಿತ. ಕರಿಯರಿಗೆ ತಾಳ ರಕ್ತದಲ್ಲೇ ಇದೆ, ಅವರಿಗೆ ಕಲಿಕೆ ಬೇಕಿಲ್ಲ ಎಂಬುದು ಬಿಳಿಯರ ಹಳೆಯ ಮಾತು. ಹೊಗಳಿಕೆಯ ವೇಷದಲ್ಲಿರುವ ಹೀಗಳಿಕೆ ಅದು. ನಮ್ಮಲ್ಲಿ ತಮಟೆಯವರನ್ನೂ ಓಲಗದವರನ್ನೂ ಕುರಿತು ಮೇಲುಜಾತಿಯವರು ಆಡುತ್ತ ಬಂದ ಮಾತೂ ಇಂಥದ್ದೇ. ರಕ್ತದಲ್ಲಿ ಬಂದದ್ದೆಂದು ಹೇಳಿಬಿಟ್ಟರೆ ಕಲಿತ ಶ್ರಮಕ್ಕೆ ಬೆಲೆ ಕಟ್ಟಬೇಕಾಗಿಲ್ಲವಲ್ಲ! ಹೆಸರು ಪಾಮರನಾದರೂ ಆತ ಪಾಮರನಾಗಿ ಉಳಿಯಲಿಲ್ಲ. ಜಾಜ್ ಇರಲಿ, ರಾಕ್ ಇರಲಿ, ಸೋಲ್ ಇರಲಿ, ಸಿನಿಮಾದ ದೊಡ್ಡ ವಾದ್ಯಮೇಳವಿರಲಿ, ಕಾಗದ ಮುಂದಿಟ್ಟರೆ ಓದಿ ಬಾರಿಸಬಲ್ಲವನಾದ. ಮುಂದೆ ನಾಲ್ಕಾರು ದಶಕ ಆತನಿಗೆ ಅನ್ನ ಹಾಕಿದ್ದು ಈ ಬಹುಮುಖ ಸಾಮರ್ಥ್ಯ. ಅದರ ಬೇರು ಸಾರ್ವಜನಿಕ ಹಣದಲ್ಲಿ ದೊರೆತ ಶಾಲೆಯಲ್ಲಿತ್ತು.

ನ್ಯೂ ಆರ್ಲಿಯನ್ಸಿನಲ್ಲಿ ಕೋಸಿಮೋ ಮಟಾಸಾ ಎಂಬವರ ಧ್ವನಿಮುದ್ರಣ ಶಾಲೆಯೊಂದಿತ್ತು. ಅಂಗಡಿಯೊಂದರ ಹಿಂಬದಿಯ ಚಿಕ್ಕ ಕೋಣೆ ಅದು. 1949ರ ಡಿಸೆಂಬರ್ 10ರಂದು ಅಲ್ಲಿ ಫ್ಯಾಟ್ಸ್ ಡಾಮಿನೋ ಎಂಬ ಯುವಕ ‘ದಿ ಫ್ಯಾಟ್ ಮ್ಯಾನ್’ ಎಂಬ ಹಾಡು ಹಾಡಿದ. ಹಿಂದೆ ಡ್ರಮ್ಮಿನ ಮುಂದೆ ಕುಳಿತವನು ಪಾಮರ್. ಓದುಗರು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ, ಎರಡಕ್ಕೂ ನಾಲ್ಕಕ್ಕೂ ಜೋರಾಗಿ ಚಪ್ಪಾಳೆ ತಟ್ಟಿ ನೋಡಲಿ. ಆ ಎರಡು ಮತ್ತು ನಾಲ್ಕರ ಪೆಟ್ಟನ್ನು ಹಾಡಿನ ಮೊದಲಿಂದ ಕೊನೆಯವರೆಗೂ ಬಿಡದೆ ಹೊಡೆದದ್ದು ಪಾಮರನ ಹೆಗ್ಗಳಿಕೆ. ಊರಿನ ಮೆರವಣಿಗೆಯ ಬ್ಯಾಂಡುಗಳಲ್ಲಿ, ಹಳೆಯ ಜಾಜ್ ಮೇಳಗಳ ಕೊನೆಯ ಸುತ್ತಿನಲ್ಲಿ ಕೇಳಿಬರುತ್ತಿದ್ದ ಪೆಟ್ಟನ್ನು ಆತ ಇಡೀ ಹಾಡಿಗೆ ಅಡಿಪಾಯವಾಗಿಟ್ಟ. 1955ರ ಸೆಪ್ಟೆಂಬರಿನಲ್ಲಿ ಅದೇ ಕೋಣೆಯಲ್ಲಿ ಲಿಟಲ್ ರಿಚರ್ಡನ ‘ಟುಟಿ ಫ್ರುಟಿ’ ಮುದ್ರಣವಾಯಿತು. ರಿಚರ್ಡ್ ಬಲಗೈಯಿಂದ ಪಿಯಾನೋವನ್ನು ಒಂದೇ ಸಮನೆ ಕುಟ್ಟುತ್ತಿದ್ದ. ಅದಕ್ಕೆ ಹೊಂದುವಂತೆ ಪಾಮರ್ ಹಳೆಯ ಕುಂಟುನಡೆಯ ತಾಳವನ್ನು ಬಿಟ್ಟು ನೇರ ನಡೆಯನ್ನು ಹಿಡಿದ. ಜಗತ್ತು ಇಂದು ರಾಕ್ ತಾಳವೆಂದು ಗುರುತಿಸುವುದು ಬಹುಮಟ್ಟಿಗೆ ಈ ಕೋಣೆಯಲ್ಲಿ ರೂಪುಗೊಂಡಿತು.

ಇದಕ್ಕೆ ಸಿಕ್ಕ ಪ್ರತಿಫಲವೇನು? ಐವತ್ತರ ದಶಕದ ಮಧ್ಯದಲ್ಲಿ ವಾದ್ಯಗಾರರ ಸಂಘದ ದರ ಮೂರು ಗಂಟೆಯ ಒಂದು ಸೆಷನ್ನಿಗೆ 41 ಡಾಲರ್ 25 ಸೆಂಟು. ತಟ್ಟೆ ಹತ್ತು ಮಾರಾಟವಾದರೂ ಅಷ್ಟೇ, ಹತ್ತು ಲಕ್ಷ ಮಾರಾಟವಾದರೂ ಅಷ್ಟೇ. ಹಾಡು ಬರೆದವನಿಗೆ ಹಕ್ಕುಂಟು, ತಟ್ಟೆ ಒತ್ತಿದ ಕಂಪನಿಗೆ ಹಕ್ಕುಂಟು. ತಾಳವನ್ನು ಕಂಡುಹಿಡಿದವನಿಗೆ ಹಕ್ಕಿಲ್ಲ. ಏಕೆಂದರೆ ಕಾನೂನಿನ ಕಣ್ಣಿಗೆ ತಾಳ ಯಾರ ಸೊತ್ತೂ ಅಲ್ಲ.

1957ರಲ್ಲಿ ಪಾಮರ್ ಊರು ಬಿಟ್ಟು ಲಾಸ್ ಏಂಜಲೀಸಿಗೆ ಹೋದ. ದಕ್ಷಿಣದ ವರ್ಣಭೇದ ಎಂಥದ್ದೆಂಬುದು ಸಮಾಜವಾದಿಗಳಿಗೆ ತಿಳಿಯದ ವಿಷಯವಲ್ಲ. 1964ರ ಮೇ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರನ್ನೇ ಮಿಸಿಸಿಪ್ಪಿಯ ಜ್ಯಾಕ್ಸನ್ ನಗರದ ಒಂದು ಹೋಟೆಲಿನಲ್ಲಿ ಮೈಬಣ್ಣದ ಕಾರಣಕ್ಕೆ ಒಳಗೆ ಬಿಡಲಿಲ್ಲ. ಅವರು ಮರುದಿನ ಮತ್ತೆ ಅಲ್ಲಿಗೇ ಹೋಗಿ ಬಂಧನಕ್ಕೊಳಗಾದರು. ಅಮೇರಿಕದ ಬಹಳ ನಗರಗಳಲ್ಲಿ ವಾದ್ಯಗಾರರ ಸಂಘಗಳೂ ಕರಿಯರಿಗೊಂದು, ಬಿಳಿಯರಿಗೊಂದು ಎಂದು ಇಬ್ಭಾಗವಾಗಿದ್ದವು. ಲಾಸ್ ಏಂಜಲೀಸಿನಲ್ಲಿ ಬಡ್ಡಿ ಕಲೆಟ್, ಮಾರ್ಲ್ ಯಂಗ್ ಮೊದಲಾದ ಕರಿಯ ವಾದ್ಯಗಾರರು ಬಿಳಿಯ ಮಿತ್ರರೊಡನೆ ಸೇರಿ ಹೋರಾಡಿ, 1953ರಲ್ಲಿ ಎರಡು ಸಂಘಗಳನ್ನೂ ಒಂದುಗೂಡಿಸಿದ್ದರು. ನಾಲ್ಕು ವರ್ಷದ ಅನಂತರ ಬಂದ ಪಾಮರನಿಗೆ ಸಿಕ್ಕದ್ದು ಹಿಂದಿನವರು ಹೋರಾಡಿ ತೆರೆಸಿದ ಬಾಗಿಲು. ಈ ಮಾತನ್ನು ನಮ್ಮ ಯುವಕರು ಮರೆಯಬಾರದು.

ಅಲ್ಲಿ ಆತ ಬಾರಿಸದೆ ಬಿಟ್ಟದ್ದು ಯಾವುದು? 1958ರಲ್ಲಿ ಹದಿನೇಳರ ಹುಡುಗ ರಿಚಿ ವ್ಯಾಲೆನ್ಸನ ‘ಲಾ ಬಾಂಬಾ’. ಅದೇ ವರ್ಷ ಎಡ್ಡಿ ಕಾಕ್ರನನ ‘ಸಮರ್‌ಟೈಮ್ ಬ್ಲೂಸ್’. 1966ರಲ್ಲಿ ಟೀನಾ ಟರ್ನರ್ ಹಾಡಿದ ‘ರಿವರ್ ಡೀಪ್, ಮೌಂಟನ್ ಹೈ’. ಇವುಗಳ ನಡುವೆ ಸಿನಿಮಾ, ದೂರದರ್ಶನ, ಜಾಹೀರಾತುಗಳ ಸಂಗೀತ. ಹೀಗೆ ಸಾವಿರಾರು ಸೆಷನ್ನುಗಳು. ಆತನ ಒಲವು ಇದ್ದದ್ದು ಜಾಜ್ ಕಡೆಗೆ. ರಾಕ್ ಸಂಗೀತ ಆತನಿಗೆ ಹೊಟ್ಟೆಪಾಡು. ಆದರೂ ಕೈಯ ಕೆಲಸದಲ್ಲಿ ಲೋಪ ಮಾಡಲಿಲ್ಲ.

ಒಂದು ಹಾಡಿನ ಲೆಕ್ಕವನ್ನಷ್ಟೇ ತೆಗೆದುಕೊಳ್ಳೋಣ. 1964ರಲ್ಲಿ ರೈಟಿಯಸ್ ಬ್ರದರ್ಸ್ ಎಂಬ ಜೋಡಿ ಹಾಡಿದ ‘ಯೂ ಹ್ಯಾವ್ ಲಾಸ್ಟ್ ದಟ್ ಲವಿನ್ ಫೀಲಿನ್’ ಎಂಬ ಹಾಡಿಗೆ ಡ್ರಮ್ಮು ಪಾಮರನದು. ಇಪ್ಪತ್ತನೆಯ ಶತಮಾನದಲ್ಲಿ ಅಮೇರಿಕದ ರೇಡಿಯೋ ಮತ್ತು ದೂರದರ್ಶನಗಳಲ್ಲಿ ಅತಿ ಹೆಚ್ಚು ಬಾರಿ ಪ್ರಸಾರವಾದ ಹಾಡು ಇದೇ ಎಂದು ಹಾಡು ಕಟ್ಟುವವರ ಹಕ್ಕುಗಳನ್ನು ನೋಡಿಕೊಳ್ಳುವ ಬಿ.ಎಂ.ಐ. ಸಂಸ್ಥೆ 1999ರಲ್ಲಿ ಸಾರಿತು. ಎಂಬತ್ತು ಲಕ್ಷಕ್ಕೂ ಹೆಚ್ಚು ಪ್ರಸಾರಗಳು! ಪ್ರತಿ ಪ್ರಸಾರಕ್ಕೂ ಹಾಡು ಕಟ್ಟಿದವರಿಗೆ ಹಣ ಸಂದಿತು. ಹಾಡಿದವರಿಗಾಗಲಿ ಬಾರಿಸಿದವರಿಗಾಗಲಿ ರೇಡಿಯೋ ನಿಲಯಗಳು ಕಾಸು ಕೊಡಬೇಕೆಂಬ ಕಾನೂನು ಅಮೇರಿಕದಲ್ಲಿಲ್ಲ. ತಟ್ಟೆಯನ್ನು ಹಾಕಿದರೆ ನಿಮಗೇ ಪ್ರಚಾರವಲ್ಲವೇ ಎಂದು ನಿಲಯಗಳ ಮಾಲೀಕರು ವಾದಿಸುತ್ತ ಬಂದರು. ಚೀಟಿಯ ಮೇಲೆ ಹೆಸರೇ ಇಲ್ಲದವನಿಗೆ ಯಾವ ಪ್ರಚಾರ?

1995ರಲ್ಲಿ ಡಿಜಿಟಲ್ ಪ್ರಸಾರಕ್ಕೆ ಕಾನೂನಾದಾಗ, ಅಂಥ ಪ್ರಸಾರದ ಹಣದಲ್ಲಿ ಹೆಸರಿಲ್ಲದ ವಾದ್ಯಗಾರರಿಗೆಲ್ಲ ಸೇರಿ ನೂರಕ್ಕೆ ಎರಡೂವರೆ ಪಾಲು ಎಂದು ಗೊತ್ತಾಯಿತು. ಆದರೆ 1972ಕ್ಕೆ ಹಿಂದಿನ ಮುದ್ರಣಗಳು ಕೇಂದ್ರದ ಆ ಕಾನೂನಿನ ಹೊರಗೇ ಉಳಿದವು. ಅವನ್ನೂ ಒಳಗೆ ತಂದ ಕಾನೂನು ಬಂದದ್ದು 2018ರಲ್ಲಿ. ಪಾಮರ್ ತೀರಿಹೋದದ್ದು 2008ರ ಸೆಪ್ಟೆಂಬರ್ 19ರಂದು. ದುಡಿಮೆಗಾರನಿಗೆ ನ್ಯಾಯ ಹತ್ತು ವರ್ಷ ತಡವಾಗಿ ಮಸಣಕ್ಕೆ ಬಂತು.

ಹಾಗಾದರೆ ಬದುಕಿರುವಾಗ ಆತನ ಬೆನ್ನಿಗೆ ನಿಂತದ್ದು ಯಾವುದು? ಯುವಕ ಮಿತ್ರನ ಪ್ರಶ್ನೆಗೆ ಉತ್ತರ ಇಲ್ಲಿದೆ. ತಟ್ಟೆಯ ಯಂತ್ರ ಬಂದು ಹೋಟೆಲು, ನಾಟಕಶಾಲೆಗಳ ವಾದ್ಯಗಾರರು ಕೆಲಸ ಕಳೆದುಕೊಂಡಾಗ, ಅವರ ಸಂಘದ ಅಧ್ಯಕ್ಷ ಜೇಮ್ಸ್ ಪೆಟ್ರಿಲ್ಲೋ ಪ್ರತಿ ತಟ್ಟೆಯ ಮೇಲೂ ಸಂಘದ ನಿಧಿಗೆ ಹಣ ಬರಬೇಕೆಂದು ಹಟ ಹಿಡಿದ. 1942ರ ಆಗಸ್ಟ್ 1ರಿಂದ ವಾದ್ಯಗಾರರು ಧ್ವನಿಮುದ್ರಣ ಮಾಡುವುದನ್ನೇ ನಿಲ್ಲಿಸಿದರು. ರಾಷ್ಟ್ರಾಧ್ಯಕ್ಷ ರೂಸ್‌ವೆಲ್ಟರು ಕೇಳಿಕೊಂಡರೂ ಬಗ್ಗಲಿಲ್ಲ. 1944ರ ನವೆಂಬರಿನಲ್ಲಿ ಅತಿ ದೊಡ್ಡ ಎರಡು ಕಂಪನಿಗಳೂ ಮಣಿದವು. 1947ರ ಟ್ಯಾಫ್ಟ್-ಹಾರ್ಟ್ಲಿ ಕಾನೂನು ಆ ಏರ್ಪಾಟನ್ನು ಮುರಿಯಿತು. ವಾದ್ಯಗಾರರು 1948ರಲ್ಲಿ ಮತ್ತೆ ಮುಷ್ಕರ ಹೂಡಿ, ಸ್ವತಂತ್ರ ನಿಧಿಯೊಂದನ್ನು ಪಡೆದರು.

ಸಂಘ ತಪ್ಪನ್ನೇ ಮಾಡಲಿಲ್ಲವೆಂದು ಹೇಳಿದರೆ ಅದು ಓದುಗರಿಗೆ ಮಾಡುವ ಮೋಸ. ಸ್ಟುಡಿಯೋದಲ್ಲಿ ದುಡಿದವರಿಗೆ ಸಲ್ಲಬೇಕಾದ ಹಣವೂ ಆ ನಿಧಿಗೇ ಹರಿಯಿತು. 1956ರಲ್ಲಿ ಲಾಸ್ ಏಂಜಲೀಸಿನ ವಾದ್ಯಗಾರರು ನಾಯಕತ್ವದ ವಿರುದ್ಧ ಬಂಡೆದ್ದರು. 1958ರಲ್ಲಿ ಪ್ರತಿಸಂಘವೇ ಹುಟ್ಟಿತು. ಅದೇ ವರ್ಷ ಪೆಟ್ರಿಲ್ಲೋ ಸ್ಥಾನ ಬಿಟ್ಟ. ಕೊನೆಗೆ 1964ರಲ್ಲಿ, ತಟ್ಟೆಗಳ ಮಾರಾಟದ ಮೇಲೆ ಸೆಷನ್ ವಾದ್ಯಗಾರರಿಗೇ ವರ್ಷವರ್ಷವೂ ಹಣ ಹಂಚುವ ಬೇರೊಂದು ನಿಧಿ ಏರ್ಪಟ್ಟಿತು. ಸಂಘವನ್ನು ತಿದ್ದಿದ್ದು ಸಂಘದ ಸದಸ್ಯರೇ. ಪಾಮರ್ ತಾನೂ ಈ ಕೆಲಸಕ್ಕೆ ಹೆಗಲು ಕೊಟ್ಟ. 1982ರಲ್ಲಿ ಲಾಸ್ ಏಂಜಲೀಸಿನ ಸಂಘಕ್ಕೆ ಖಜಾಂಚಿಯಾಗಿ ಆರಿಸಿಬಂದ; 1984ರಲ್ಲಿ ಸೋತ; 1990ರಲ್ಲಿ ಮತ್ತೆ ಗೆದ್ದ. ಕೋಲು ಹಿಡಿದ ಕೈ ಲೆಕ್ಕದ ಪುಸ್ತಕವನ್ನೂ ಹಿಡಿಯಿತು. 2000ದಲ್ಲಿ ರಾಕ್ ಸಂಗೀತದ ಗೌರವ ಮಂದಿರಕ್ಕೆ ಹಿಮ್ಮೇಳದವರನ್ನು ಮೊದಲ ಬಾರಿಗೆ ಸೇರಿಸಿಕೊಂಡಾಗ ಆ ಐವರಲ್ಲಿ ಪಾಮರನೂ ಒಬ್ಬ. ಆ ಸನ್ಮಾನಕ್ಕಿಂತ ಈ ಖಜಾಂಚಿಗಿರಿಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಒಪ್ಪಿಕೊಂಡ ಕೂಲಿ ಸಂದಮೇಲೆ ಮತ್ತೇಕೆ ಪಾಲು ಎನ್ನುವವರಿದ್ದಾರೆ. ಅವರಿಗೆ ಇನ್ನೊಬ್ಬ ಡ್ರಮ್ಮಿನವನ ಕಥೆ ಹೇಳುತ್ತೇನೆ. ಕ್ಲೈಡ್ ಸ್ಟಬಲ್‌ಫೀಲ್ಡ್ ಸೋಲ್ ಗಾಯಕ ಜೇಮ್ಸ್ ಬ್ರೌನನ ಮೇಳದಲ್ಲಿದ್ದವನು. 1969ರ ನವೆಂಬರಿನಲ್ಲಿ ಸಿನ್ಸಿನಾಟಿಯಲ್ಲಿ ಮುದ್ರಣವಾದ ‘ಫಂಕಿ ಡ್ರಮ್ಮರ್’ ಎಂಬ ಹಾಡಿನ ನಡುವೆ ಈತ ಕೆಲವೇ ಕ್ಷಣ ಒಬ್ಬನೇ ಬಾರಿಸಿದ. ಮುಂದೆ ಯಂತ್ರದಿಂದ ಆ ತುಣುಕನ್ನು ಕತ್ತರಿಸಿ ಸಾವಿರಕ್ಕೂ ಹೆಚ್ಚು ಹೊಸ ಹಾಡುಗಳಿಗೆ ಅಂಟಿಸಿದರು. ಹಾಡು ಬ್ರೌನನ ಹೆಸರಿನಲ್ಲಿತ್ತು; ತಾಳ ಹಾಕಿದವನಿಗೆ ಕಾನೂನಿನಂತೆ ಏನೂ ಬರಲಿಲ್ಲ. ಕ್ಯಾನ್ಸರ್ ಬಂದಾಗ ಆಸ್ಪತ್ರೆಯ ದೊಡ್ಡ ಬಿಲ್ಲನ್ನು ಪ್ರಿನ್ಸ್ ಎಂಬ ಗಾಯಕ ಸದ್ದಿಲ್ಲದೆ ತೀರಿಸಿದ. ದೊಡ್ಡ ಮನಸ್ಸು, ಸಂದೇಹವಿಲ್ಲ. ಆದರೆ ದಾನ ಬೇರೆ, ಹಕ್ಕು ಬೇರೆ. ಸಾವಿರ ಹಾಡುಗಳಿಗೆ ಬೆನ್ನೆಲುಬಾದವನು ಒಬ್ಬನ ಔದಾರ್ಯಕ್ಕೆ ಕಾಯಬೇಕಾದುದು ಕಾನೂನಿಗೆ ನಾಚಿಕೆ. ಆತ 2017ರಲ್ಲಿ ತೀರಿಕೊಂಡ.

ನಮ್ಮ ಕನ್ನಡ ಚಿತ್ರಗಳ ಹಾಡುಗಳು ದಶಕಗಳ ಕಾಲ ಮದರಾಸಿನ ಸ್ಟುಡಿಯೋಗಳಲ್ಲಿ ಮುದ್ರಣವಾದವು. ಹಾಡಿದವರನ್ನು ನಾವು ಹಾರ ಹಾಕಿ ಮೆರೆಸಿದೆವು. ಆ ಹಾಡುಗಳಿಗೆ ತಬಲ ನುಡಿಸಿದವರು, ಪಿಟೀಲು ಹಿಡಿದವರು, ಡ್ರಮ್ಮಿನ ಹಿಂದೆ ಕುಳಿತವರು ಯಾರೆಂದು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಮಿತ್ರನೆ, ಕೈಯಿಂದ ದುಡಿಯುವವನು, ದುಡಿಮೆಯ ಫಲ ಇನ್ನೊಬ್ಬನ ತಿಜೋರಿಗೆ ಹೋಗುವುದನ್ನು ನೋಡುವವನು, ನಾಳೆಯ ಕೆಲಸಕ್ಕೆ ಇಂದೇ ಚಿಂತಿಸುವವನು ಕಾರ್ಮಿಕನಲ್ಲದೆ ಮತ್ತೇನು? ಕೈಯಲ್ಲಿರುವುದು ಹಾರೆಯೋ ಡ್ರಮ್ಮಿನ ಕೋಲೋ ಎಂಬುದು ಎರಡನೆಯ ಮಾತು. ಅವನ ಹೆಸರು ಚೀಟಿಯ ಮೇಲೆ ಬರಲಿ, ಅವನ ಪಾಲು ಅವನ ಕೈಗೆ ಬರಲಿ. ಎರಡೂ ಕೇಳದೆ ಬರುವುದಿಲ್ಲ. ಒಬ್ಬನೇ ಕೇಳಿದರೂ ಬರುವುದಿಲ್ಲ. ಅದಕ್ಕೇ ಸಂಘ.